ಹಸಿರು ವೈರು ಎಲ್ಲಿಗೆ ಹೋಗುತ್ತದೆ?

ಹೋದ ವರ್ಷ ಜೋರು ಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಫೋನ್ ಬಂತು. ಮೂಲ್ಕಿ ಹತ್ತಿರದ ಒಂದು ಮನೆಯ ಅಮ್ಮ. "ಗ್ರೈಂಡರ್ ಮುಟ್ಟಿದ್ರೆ ಜುಂ ಅಂತ ಆಗ್ತದೆ ಮಾರಾಯ. ಈ ಕಡೆ ಬಂದಾಗ ಒಮ್ಮೆ ನೋಡು. ಅರ್ಜೆಂಟ್ ಏನಿಲ್ಲ, ಚಪ್ಪಲಿ ಹಾಕಿಕೊಂಡ್ರೆ ಏನೂ ಆಗುದಿಲ್ಲ."

ಈ ಚಪ್ಪಲಿ ಮದ್ದು ನಮ್ಮ ಕಡೆ ತುಂಬ ಹಳೆಯದು. ಎಷ್ಟೋ ಮನೆಗಳಲ್ಲಿ ಗ್ರೈಂಡರ್ ಬದಿಯಲ್ಲಿ, ವಾಷಿಂಗ್ ಮೆಷಿನ್ ಬದಿಯಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇದ್ದೇ ಇರುತ್ತದೆ. ಮಳೆಗಾಲ ಶುರುವಾದ ಕೂಡಲೇ ಅದು ಅಲ್ಲಿಗೆ ಬರುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಬೇರೆ ಎರಡು ಕೆಲಸ ಇದ್ದವು. ಅವನ್ನು ಮಧ್ಯಾಹ್ನಕ್ಕೆ ಹಾಕಿ ಮೊದಲು ಆ ಮನೆಗೆ ಹೋದೆ.

ಗ್ರೈಂಡರ್‌ಗೆ ಟೆಸ್ಟರ್ ಇಟ್ಟೆ. ಉರಿಯಿತು. ಸ್ವಿಚ್ ಆಫ್ ಮಾಡಿ ಇಟ್ಟೆ. ಆಗಲೂ ಉರಿಯಿತು! ಪ್ಲಗ್ ಕಿತ್ತ ಮೇಲೆ ಮಾತ್ರ ಇಲ್ಲ. ಅಂದರೆ ದೋಷ ಗ್ರೈಂಡರ್‌ನದ್ದಲ್ಲ. ಫ್ರಿಜ್ ಮುಟ್ಟಿಸಿದೆ, ಅದರಲ್ಲೂ ಬೆಳಕು. ವಾಷಿಂಗ್ ಮೆಷಿನ್, ಅಲ್ಲೂ. ನಾನು ಫ್ರಿಜ್ ಹತ್ತಿರ ಕೂತು ಯೋಚಿಸುತ್ತಿದ್ದ ಹಾಗೆಯೇ ಟೆಸ್ಟರ್ ತಟ್ಟನೆ ಆರಿತು. ಯಾರೂ ಏನೂ ಮಾಡಿರಲಿಲ್ಲ. ಮಹಡಿಯಲ್ಲಿ ಅಮ್ಮನ ಮಗ ಸ್ನಾನ ಮುಗಿಸಿ ಗೀಸರ್ ಆಫ್ ಮಾಡಿದ್ದರು, ಅಷ್ಟೆ.

"ಜುಂ ಅನ್ನೋದು ಬೆಳಿಗ್ಗೆ ಮಾತ್ರವಾ ಅಮ್ಮಾ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹೌದು ನೋಡು, ಸಂಜೆ ಅರೆಯುವಾಗ ಇಲ್ಲ" ಎಂದರು.

ಗೀಸರ್‌ನ ಕಾಯಿಲ್ ಒಡೆದು ಕರೆಂಟು ಅದರ ಲೋಹದ ಮೈಗೆ ಇಳಿಯುತ್ತಿತ್ತು. ಅಲ್ಲಿಂದ ಹಸಿರು ವೈರಿಗೆ. ಹಸಿರು ವೈರು ಎಂದರೆ ಅರ್ತ್, ದಾರಿ ತಪ್ಪಿದ ಕರೆಂಟನ್ನು ಭೂಮಿಗೆ ಇಳಿಸಬೇಕಾದ ವೈರು. ಡಿಬಿ, ಅಂದರೆ ಮನೆಯ ಎಲ್ಲ ಲೈನುಗಳು ಸೇರುವ ಪೆಟ್ಟಿಗೆ, ತೆಗೆದು ನೋಡಿದೆ. ಮನೆಯ ಎಲ್ಲ ಹಸಿರು ವೈರುಗಳನ್ನೂ ಒಂದೇ ಪಟ್ಟಿಗೆ ಸಾಲಾಗಿ ಬಿಗಿದಿದ್ದರು. ಕೆಲಸ ನೋಡಲು ಚಂದವಿತ್ತು. ಅಲ್ಲಿಂದ ಒಂದು ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಗೋಡೆ ದಾಟಿ ಬಚ್ಚಲು ಮನೆಯ ಹಿಂದೆ ಮಣ್ಣಿಗೆ ಇಳಿದಿತ್ತು. ಮಳೆಯಲ್ಲೇ ಹೋಗಿ ಆ ತಂತಿಯನ್ನು ಹಿಡಿದು ಎಳೆದೆ. ಅದು ಕೈಗೇ ಬಂತು. ಒಂದು ಅಡಿ ಮಣ್ಣಿನೊಳಗೆ ಹೋಗಿ ಅಲ್ಲೇ ಮುಗಿದಿತ್ತು. ಕೆಳಗೆ ಪೈಪಿಲ್ಲ, ಗುಂಡಿಯಿಲ್ಲ, ಏನೂ ಇಲ್ಲ. ತುದಿ ತುಕ್ಕು ಹಿಡಿದು ಪುಡಿಯಾಗಿತ್ತು.

ಹಸಿರು ವೈರುಗಳು ಒಂದಕ್ಕೊಂದು ಸೇರಿವೆ, ಆದರೆ ಭೂಮಿಗೆ ಸೇರಿಲ್ಲ. ಇದು ಅರ್ತೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಗೀಸರ್ ಹಾಳಾದರೆ ಗೀಸರ್ ಮುಟ್ಟಿದವರಿಗೆ ಶಾಕ್ ಹೊಡೆಯಬೇಕು. ಇಲ್ಲಿ ಮಹಡಿಯ ಗೀಸರ್ ಹಾಳಾಗಿ, ಕೆಳಗೆ ಒದ್ದೆ ಕೈಯಲ್ಲಿ ಉದ್ದು ಅರೆಯುವವರಿಗೆ ಹೊಡೆಯುತ್ತದೆ. ಮನೆಗೆ 13 ವರ್ಷ ಆಗಿತ್ತು.

ಆ ಮನೆಗೆ ಕರೆಂಟ್ ಕೊಡುವಾಗ ಮೆಸ್ಕಾಂಗೆ ಒಂದು ಕಂಪ್ಲೀಷನ್ ರಿಪೋರ್ಟ್ ಹೋಗಿರಲೇಬೇಕು. ವೈರಿಂಗ್ ಸರಿ ಇದೆ, ಅರ್ತಿಂಗ್ ಸರಿ ಇದೆ ಎಂದು ಲೈಸನ್ಸ್ ಇರುವ ಒಬ್ಬ ಕಂಟ್ರಾಕ್ಟರ್ ಅದಕ್ಕೆ ಸೈನ್ ಹಾಕಿರುತ್ತಾರೆ. ಯಾರು ಎಂದು ನಾನು ಕೇಳಲಿಲ್ಲ. ಅಂಥ ಸೈನ್ ನಾನೂ ಒಮ್ಮೆ ಹಾಕಿದ್ದೇನೆ. ಅದನ್ನು ಬರೆಯಬೇಕು ಎಂದೇ ಈ ಬರಹ.

ಮೊದಲು ನಾನು ಈ ಕೆಲಸಕ್ಕೆ ಬಂದದ್ದು ಹೇಗೆ ಅಂತ ಹೇಳುತ್ತೇನೆ. ನಮ್ಮ ಅಮ್ಮ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, 2002ರಲ್ಲಿ, ಊರಿನ ಒಬ್ಬ ವೈರಿಂಗ್ ಕಂಟ್ರಾಕ್ಟರ್ ಜೊತೆ ಹೆಲ್ಪರ್ ಆಗಿ ಸೇರಿದೆ. ಅವರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದೆವು. ಟೆಸ್ಟರ್, ಪ್ಲೈಯರ್ ಹಿಡಿಯುವ ಆಸೆಯಿಂದ ಹೋದವನ ಕೈಗೆ ಅಣ್ಣ ಕೊಟ್ಟದ್ದು ಪಿಕ್ಕಾಸು. ಮೊದಲ ಮೂರು ತಿಂಗಳು ನಾನು ಮಾಡಿದ್ದು ಅರ್ತಿಂಗ್ ಗುಂಡಿ ತೋಡುವ ಕೆಲಸ. ಮಂಗಳೂರು, ಉಡುಪಿ ಕಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೋಡಿದವರಿಗೆ ಗೊತ್ತು, ಅದನ್ನು ಎರಡೂವರೆ ಮೀಟರ್ ಆಳಕ್ಕೆ ಕಡಿಯುವುದು ಎಂದರೆ ಏನು ಅಂತ. ಕೈಯ ಬೊಕ್ಕೆ ಒಡೆದು ಮತ್ತೆ ಬೊಕ್ಕೆ ಬರುತ್ತಿತ್ತು. ಗುಂಡಿಗೆ ತೂತು ಕೊರೆದ ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತಾ ಬರಬೇಕು. ಮೇಲೆ ನೀರು ಹೊಯ್ಯಲು ಒಂದು ಬಾಯಿ, ಸಿಮೆಂಟಿನ ಚಿಕ್ಕ ಕಟ್ಟೆ, ಮುಚ್ಚಳ. ಮುಚ್ಚಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಮನೆಯವರು ಬಂದು ನೋಡಿ ಹೊಗಳುವುದು ಫ್ಯಾನ್ಸಿ ಲೈಟುಗಳನ್ನು.

ಎರಡು ವರ್ಷದಲ್ಲಿ ಒಂದು ಮನೆಯ ವೈರಿಂಗ್ ಪೂರ್ತಿ ಮಾಡುವಷ್ಟು ಕಲಿತೆ. ಗೋಡೆಯಲ್ಲಿ ಗ್ರೂವ್ ಹೊಡೆದು ಪೈಪ್ ಕೂರಿಸುವುದು, ಸ್ಪ್ರಿಂಗ್ ಹಾಕಿ ವೈರ್ ಎಳೆಯುವುದು, ಲೈಟಿಗೆ ಒಂದೂವರೆ ಸ್ಕ್ವೇರ್ ಎಂಎಂ ವೈರು, ಪವರ್ ಪಾಯಿಂಟಿಗೆ ಎರಡೂವರೆ ಅಥವಾ 4 ಸ್ಕ್ವೇರ್, ಮೆಟ್ಟಿಲಿಗೆ ಟೂ ವೇ ಸ್ವಿಚ್. ಎಲ್ಲ ಬರುತ್ತಿತ್ತು. ಏಕೆ ಹಾಗೆ ಎಂದು ಮಾತ್ರ ಗೊತ್ತಿರಲಿಲ್ಲ. ಅಣ್ಣನೇ ಬೈದು ಐಟಿಐಗೆ ಕಳಿಸಿದರು. "ನಾಳೆ ನಿನ್ನ ಕೆಳಗೆ ನಾಲ್ಕು ಹುಡುಗ್ರು ಇರ್ತಾರೆ. ಅವ್ರು ಕೇಳಿದ್ರೆ ಎಂಥ ಹೇಳ್ತಿ?"

ಕದ್ರಿ ಗುಡ್ಡದ ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್, ಎರಡು ವರ್ಷ. ಮೂಲ್ಕಿಯಿಂದ ಎಕ್ಸ್‌ಪ್ರೆಸ್ ಬಸ್ಸು, ಕೆಪಿಟಿ ಸ್ಟಾಪಿನಲ್ಲಿ ಇಳಿದು ನಡಿಗೆ. ಶುರುವಿನಲ್ಲಿ ದಿನಗಟ್ಟಲೆ ಕಬ್ಬಿಣದ ತುಂಡಿಗೆ ಅರ ಉಜ್ಜುವ ಕೆಲಸ. ಮತ್ತೆ ಬ್ರಿಟಾನಿಯಾ ಜಾಯಿಂಟ್, ಮ್ಯಾರೀಡ್ ಜಾಯಿಂಟ್ ಅಂತ ತಂತಿಗೆ ತಂತಿ ಹೆಣೆಯುವುದು. ಶಾಕ್ ಹೊಡೆದವರನ್ನು ಒಣ ಮರದ ಕೋಲಿನಿಂದ ಬಿಡಿಸುವುದು, ಉಸಿರು ಕೊಡುವುದು. ಅಷ್ಟೊತ್ತಿಗೆ ಗಂಡಸಿನಂತೆ ದುಡಿಯುತ್ತಿದ್ದವನಿಗೆ ಮತ್ತೆ ಬೆಂಚಿನ ಮೇಲೆ ಕೂರುವುದು ಕಷ್ಟವೇ ಆಗಿತ್ತು. ಆದರೆ ಒಂದು ದಿನ ಸರ್ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ.

"ಅರ್ತಿಗೆ ಹೋದ ಕರೆಂಟ್ ಆಮೇಲೆ ಎಲ್ಲಿಗೆ ಹೋಗುತ್ತದೆ?"

ಭೂಮಿಗೆ ಸರ್, ಎಂದೆವು ಎಲ್ಲರೂ. "ಭೂಮಿ ಅದನ್ನು ಏನು ಮಾಡುತ್ತದೆ? ತಿಂದುಬಿಡುತ್ತದಾ?" ಯಾರಿಗೂ ಉತ್ತರ ಗೊತ್ತಿರಲಿಲ್ಲ. ನೂರಾರು ಗುಂಡಿ ತೋಡಿದ ನನಗೂ ಗೊತ್ತಿರಲಿಲ್ಲ. ಸರ್ ಬೋರ್ಡಿನಲ್ಲಿ ಒಂದು ಟಿಸಿ ಬರೆದರು. ಟಿಸಿ ಎಂದರೆ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಫೇಸ್ ಎಂಬ ತಂತಿಯಲ್ಲಿ ಬಂದದ್ದು ನ್ಯೂಟ್ರಲ್ ಎಂಬ ತಂತಿಯಲ್ಲಿ ಹೋಗುತ್ತದೆ. ದಾರಿ ತಪ್ಪಿ ಫ್ರಿಜ್ಜಿನ ಮೈಗೆ ಇಳಿದರೂ ಅದು ಹುಡುಕುವುದು ಟಿಸಿಯ ದಾರಿಯನ್ನೇ. ಟಿಸಿಯ ನ್ಯೂಟ್ರಲ್‌ಗೂ ಅದರ ಬುಡದಲ್ಲಿ ಅರ್ತಿಂಗ್ ಮಾಡಿರುತ್ತಾರೆ. ಮನೆಯ ಗುಂಡಿಯಿಂದ ಮಣ್ಣಿನ ಒಳಗಿನಿಂದಲೇ ಕರೆಂಟ್ ಅಲ್ಲಿಗೆ ಹೋಗಿ ಸೇರುತ್ತದೆ. ನಡುವೆ ಇರುವ ಮಣ್ಣು ಎಂಥದ್ದು ಎನ್ನುವುದು ಅದಕ್ಕೇ ಮುಖ್ಯ.

ನಮ್ಮ ಮಣ್ಣು ಇಲ್ಲಿ ತೊಂದರೆ ಕೊಡುತ್ತದೆ. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿದು ತಂಪಾಗಿರುತ್ತದೆ, ಮಾರ್ಚ್, ಏಪ್ರಿಲ್‌ಗೆ ಒಣಗಿ ಇಟ್ಟಿಗೆ ಆಗುತ್ತದೆ. ಒಣಗಿದ ಮುರಕಲ್ಲಿನಲ್ಲಿ ಕರೆಂಟು ಸುಲಭವಾಗಿ ಹರಿಯುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ, ಕಷ್ಟ ಏನಿಲ್ಲ. ಗುಂಡಿಯ ಅರ್ತ್ 50 ಓಮ್ ತೋರಿಸುತ್ತಿದೆ ಎನ್ನಿ. ಓಮ್ ಎಂದರೆ ಕರೆಂಟಿಗೆ ಇರುವ ಅಡ್ಡಿಯ ಅಳತೆ, ಅರ್ತಿನಲ್ಲಿ ಅದು ಕಡಿಮೆ ಇದ್ದಷ್ಟು ಒಳ್ಳೆಯದು. ಮನೆಗೆ ಬರುವುದು 230 ವೋಲ್ಟ್. 230ನ್ನು 50ರಿಂದ ಭಾಗಿಸಿದರೆ 4.6 ಆಂಪ್. ಗೀಸರಿಗೆ ಹಾಕಿದ್ದು 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. 4.6 ಆಂಪ್ ಸೋರಿದರೆ ಅದು ಟ್ರಿಪ್ ಆಗುತ್ತದಾ? ಇಲ್ಲ. ಸುಮ್ನೆ ಕೂತಿರುತ್ತದೆ. ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಮನುಷ್ಯನ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದೆ ಹೋಗಲು 10-15 ಮಿಲಿಆಂಪ್ ಸಾಕು. ಒಂದು ಆಂಪ್ ಎಂದರೆ 1000 ಮಿಲಿಆಂಪ್.

"ಎಂಸಿಬಿ ಉಂಟಲ್ಲಾ, ಮತ್ತೆಂಥ ಹೆದರಿಕೆ?" ಎಂದು ಜನ ಕೇಳುತ್ತಾರೆ. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು. ಮನುಷ್ಯರನ್ನು ಕಾಯಲು ಇರುವುದು ಆರ್‌ಸಿಸಿಬಿ. ಅದು ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ಸದಾ ತೂಗುತ್ತಾ ಇರುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವುದರೊಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಲೈನ್ ಕಡಿದು ಹಾಕುತ್ತದೆ. ಅದರ ಮೇಲೆ ಟಿ ಎಂದು ಬರೆದ ಚಿಕ್ಕ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದ ತಕ್ಷಣ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸಬೇಕು. ಇದನ್ನು ಓದುವವರು ಎದ್ದು ಹೋಗಿ ಒಮ್ಮೆ ಒತ್ತಿ ಬಂದರೂ ನನಗೆ ತುಂಬ ಸಂತೋಷ.

ಐಟಿಐ ಆಯಿತು, ಅಪ್ರೆಂಟಿಸ್ ಆಯಿತು. ಮತ್ತೆ ಲೈಸನ್ಸಿನ ದಾರಿ. ಹೊರಗಿನವರಿಗೆ ಲೈಸನ್ಸ್ ಎಂದರೆ ಒಂದೇ. ನಮ್ಮಲ್ಲಿ ಅದಕ್ಕೆ ಮೂರು ಮೆಟ್ಟಿಲು. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸನ್ಸ್. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಪರ್ಮಿಟ್ ಇದ್ದರೆ ಕೈಯಿಂದ ಕೆಲಸ ಮಾಡಬಹುದು. ಕೆಲಸ ವಹಿಸಿಕೊಳ್ಳಲು, ರಿಪೋರ್ಟಿಗೆ ಸೈನ್ ಹಾಕಲು ಕಂಟ್ರಾಕ್ಟರ್ ಲೈಸನ್ಸೇ ಬೇಕು. ಅದಕ್ಕೆ ಮೆಗ್ಗರ್, ಅರ್ತ್ ಟೆಸ್ಟರ್ ಮುಂತಾದ ಅಳೆಯುವ ಸಾಮಾನು ಸ್ವಂತದ್ದು ಇರಬೇಕು. 1956ರ ಹಳೇ ನಿಯಮದಲ್ಲೂ ಇತ್ತು, 2023ರಲ್ಲಿ ಹೊಸದಾಗಿ ಬಂದ ಸುರಕ್ಷತಾ ನಿಯಮದಲ್ಲೂ ಇದೆ: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಕ್ಕ ಕೆಲಸ ಬಿಟ್ಟು ಉಳಿದ ವೈರಿಂಗ್ ಎಲ್ಲ ಲೈಸನ್ಸ್ ಇದ್ದವರೇ ಮಾಡಿಸಬೇಕು. ಎಷ್ಟು ಮನೆಗಳಲ್ಲಿ ಹಾಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು.

ನನ್ನ ಕೈಗೆ ಕಂಟ್ರಾಕ್ಟರ್ ಲೈಸನ್ಸ್ ಬಂದದ್ದು 2014ರಲ್ಲಿ. ಅಮ್ಮ ಅದನ್ನು ದೇವರ ಮುಂದಿಟ್ಟು ದೀಪ ಹಚ್ಚಿದರು.

ಆರು ತಿಂಗಳಾಗಿರಬಹುದು. ಪರಿಚಯದವರೊಬ್ಬರು ಬಂದರು. ಮನೆ ಒಕ್ಕಲಿಗೆ ನಾಲ್ಕು ದಿನ ಇತ್ತು. ಆಮಂತ್ರಣ ಹಂಚಿ ಆಗಿತ್ತು. ವೈರಿಂಗ್ ಬೇರೆ ಯಾರೋ ಮಾಡಿದ್ದರು, ಅವರಿಗೆ ಲೈಸನ್ಸ್ ಇರಲಿಲ್ಲ. "ಕೆಲಸ ಎಲ್ಲ ಫಸ್ಟ್‌ಕ್ಲಾಸ್ ಉಂಟು. ನೀವು ಸೈನ್ ಮಾತ್ರ ಹಾಕಿಕೊಡಿ" ಎಂದರು. ನಾನು ಒಳಗೆ ಹೋಗಿ ಡಿಬಿ ನೋಡಿದೆ, ಹತ್ತು ನಿಮಿಷ. ಅರ್ತಿಂಗ್ ಕಟ್ಟೆಯ ಮುಚ್ಚಳದ ಮೇಲೆ ಆಗಲೇ ಇಂಟರ್‌ಲಾಕ್ ಹಾಕಿದ್ದರು. ಕೆಳಗೆ ಪೈಪ್ ಇದೆ ಎಂದು ಅವರು ಹೇಳಿದರು, ನಾನು ನಂಬಿದೆ. ಸೈನ್ ಹಾಕಿದೆ. ಕಾಗದದಲ್ಲಿ ಅರ್ತ್ ಎಷ್ಟು ಓಮ್ ಎಂದು ಬರೆಯುವ ಜಾಗ ಇರುತ್ತದೆ. ಅಲ್ಲಿ ಒಂದು ಒಳ್ಳೆಯ ಸಂಖ್ಯೆ ಬರೆದೆ. ಅಳತೆ ಮಾಡದೆ ಬರೆದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಮನೆಯಲ್ಲಿ ಒಂದು ಚಿಕ್ಕ ಮಗು ಇತ್ತು, ಬರಿಗಾಲಿನಲ್ಲಿ ಅಂಗಳದಿಂದ ಒಳಗೆ, ಒಳಗಿನಿಂದ ಅಂಗಳಕ್ಕೆ ಓಡುತ್ತಿತ್ತು. ಕಣ್ಣು ಮುಚ್ಚಿದರೆ ಅದೇ. ಬೆಳಗಾದ ಕೂಡಲೇ ಅರ್ತ್ ಟೆಸ್ಟರ್ ಹಿಡಿದು ಹೋದೆ. ಎರಡು ಸರಳು ನೆಟ್ಟು ಅಳತೆ ಮಾಡಿದೆ. 90 ಓಮ್ ಹತ್ತಿರ ತೋರಿಸಿತು. ಇಂಟರ್‌ಲಾಕ್ ಎಬ್ಬಿಸಿ ನೋಡಿದರೆ ಪೈಪ್ ಇತ್ತು, ಆದರೆ ಮೂರಡಿ ಉದ್ದದ ತುಂಡು. ಬಂಡೆ ಸಿಕ್ಕಿದ ಕಡೆ ನಿಲ್ಲಿಸಿಬಿಟ್ಟಿದ್ದರು.

ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಗೆ ಸಿಟ್ಟು ಬಂತು, ಬರಬೇಕಾದ್ದೇ. ಬಾವಿ ಕಟ್ಟೆಯ ಹತ್ತಿರ, ಮಣ್ಣು ತಂಪಿರುವ ಜಾಗ ಹುಡುಕಿ, ನಾನೂ ನನ್ನ ಇಬ್ಬರು ಹುಡುಗರೂ ಎರಡು ದಿನ ಕಡಿದು ಹೊಸ ಗುಂಡಿ ಮಾಡಿದೆವು. ಖರ್ಚು ನಾನೇ ಹಾಕಿದೆ. ಆರ್‌ಸಿಸಿಬಿ ಹಾಕಿದೆ. ಮತ್ತೆ ಅಳೆದು, ಸರಿಯಾದ ಸಂಖ್ಯೆ ಬರೆದು ಹೊಸ ರಿಪೋರ್ಟ್ ಕೊಟ್ಟೆ. ಮನೆ ಒಕ್ಕಲು ಹೇಳಿದ ದಿನವೇ ಆಯಿತು. ಅವರು ನನ್ನ ಜೊತೆ ಮೊದಲಿನಂತೆ ಮಾತನಾಡಲು ಎರಡು ವರ್ಷ ಬೇಕಾಯಿತು. ಅವತ್ತಿನಿಂದ ನಾನು ಅಳೆಯದೆ ಸೈನ್ ಹಾಕಿಲ್ಲ. ಇದರಿಂದ ಕೆಲಸ ಕೈತಪ್ಪಿದ್ದೂ ಇದೆ. ಸೈನ್ ಮಾತ್ರ ಬೇಕಾದವರಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಕಡಲ ಬದಿಯ ಕೆಲಸಕ್ಕೆ ಬೇರೆಯೇ ಕಷ್ಟಗಳಿವೆ. ಮಲ್ಪೆಯಲ್ಲೋ ಉಳ್ಳಾಲದಲ್ಲೋ ಸಮುದ್ರಕ್ಕೆ ಮುಖ ಮಾಡಿದ ಮನೆಗಳಲ್ಲಿ ಸ್ವಿಚ್ ಬೋರ್ಡ್ ಬಿಚ್ಚಿದರೆ ತಾಮ್ರಕ್ಕೆ ಕಿಲುಬು ಹಿಡಿದು ಹಸಿರಾಗಿರುತ್ತದೆ. ಉಪ್ಪಿನ ಗಾಳಿ ಒಳಗೆಲ್ಲ ಹೊಕ್ಕಿರುತ್ತದೆ. ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ, ಬಿಸಿಯಾದಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಕಂಬದಿಂದ ಬರುವ ಅಲ್ಯೂಮಿನಿಯಂ ತಂತಿಗೆ ಮನೆಯ ತಾಮ್ರದ ವೈರನ್ನು ಹಾಗೇ ತಿರುವಿ ಬಿಟ್ಟರಂತೂ ಅಲ್ಲಿ ಕಿಲುಬು ಬೇಗ ತಿನ್ನುತ್ತದೆ. ಅದಕ್ಕೆ ಬೇರೆ ಲಗ್ ಇದೆ, ಅದನ್ನೇ ಹಾಕಬೇಕು. ಡಿಬಿಯೊಳಗೆ ಹಲ್ಲಿ, ಮೀಟರ್ ಬೋರ್ಡಿನೊಳಗೆ ಇರುವೆ ಗೂಡು. ಮುರಕಲ್ಲಿನ ಗೋಡೆ ನೀರು ಹೀರಿ ಒಳಗಿನ ಪೈಪಿಗೆ ಬಿಡುತ್ತದೆ. ಜೋರು ಮಳೆಗೆ ಸ್ವಿಚ್ ಬಾಕ್ಸಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿದ್ದೇನೆ. ಅಂಥ ಮನೆಗೆ ಹೋದರೆ ಮೊದಲು ಮೆಗ್ಗರ್ ತೆಗೆಯುತ್ತೇನೆ. 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ತಡೆಯುತ್ತದಾ ಎಂದು ನೋಡುವ ಯಂತ್ರ ಅದು. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನಿಗೆ ಕರೆಂಟ್ ಕೊಡುವುದಿಲ್ಲ. ಮನೆಯವರು ಎಷ್ಟು ಒತ್ತಾಯಿಸಿದರೂ ಇಲ್ಲ.

ನೇಮ (ಭೂತಾರಾಧನೆ), ಯಕ್ಷಗಾನದ ಲೈಟಿಂಗ್ ಕೆಲಸ ನನಗೆ ತುಂಬ ಇಷ್ಟ. ಇಡೀ ಗದ್ದೆ ಬೆಳಗುವುದನ್ನು ನೋಡುವುದೇ ಒಂದು ಖುಷಿ. ಆದರೆ ನೆಲದ ಮೇಲೆ ಎಳೆದ ವೈರು, ಜಾಯಿಂಟಿಗೆ ಸುತ್ತಿದ ಟೇಪು, ಮೇಲೆ ನಡೆಯುವ ಸಾವಿರ ಬರಿಗಾಲು. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದ ಹಾಗೆ ಗುಡುಗು ಮಳೆ ಯಾವಾಗ ಸುರಿಯುತ್ತದೆ ಎಂದು ಹೇಳಲಾಗದು. ಅಲ್ಲಿಯೂ ನಾನು ಆರ್‌ಸಿಸಿಬಿ ಇರುವ ಡಬ್ಬಿಯನ್ನೇ ತೆಗೆದುಕೊಂಡು ಹೋಗುತ್ತೇನೆ, ಒಂದು ಜಾಯಿಂಟೂ ನೆಲ ಮುಟ್ಟದ ಹಾಗೆ ಅಡಿಕೆ ಮರದ ಕಂಬಕ್ಕೆ ಕಟ್ಟಿಸುತ್ತೇನೆ.

ಇನ್ನೊಂದು ವಿಷಯ ಬರೆಯದಿದ್ದರೆ ಮನಸ್ಸು ಕೇಳುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಆಗ ಕೆಲವರು ಜನರೇಟರ್ ತಂದು ಅದರ ವೈರನ್ನು ಯಾವುದಾದರೂ ಪ್ಲಗ್ಗಿಗೆ ಕೊಟ್ಟು ಇಡೀ ಮನೆಗೆ ಹರಿಸುತ್ತಾರೆ. ಮನೆಯಲ್ಲಿ ಲೈಟ್ ಬರುತ್ತದೆ, ನಿಜ. ಮೈನ್ ಸ್ವಿಚ್ ಆಫ್ ಮಾಡಲು ಮರೆತರೆ ಅದೇ ಕರೆಂಟ್ ಸರ್ವಿಸ್ ವೈರಿನಲ್ಲಿ ಹೊರಗೂ ಹೋಗುತ್ತದೆ. ಟಿಸಿಗೆ ಹೋದರೆ ಅಲ್ಲಿ ಏನಾಗುತ್ತದೆ ಗೊತ್ತಾ? 11,000 ವೋಲ್ಟನ್ನು ಇಳಿಸುವ ಟಿಸಿ ಹಿಂದಿನಿಂದ ಕೊಟ್ಟರೆ ಏರಿಸುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದ ಪವರ್‌ಮ್ಯಾನ್ ಕೈಯಲ್ಲಿ ಆ ತಂತಿ ಇರುತ್ತದೆ. ನಮ್ಮ ಮನೆಗೆ ಕರೆಂಟ್ ತರಲೆಂದೇ ಆ ಮಳೆಯಲ್ಲಿ ಹತ್ತಿದವರು ಅವರು. ಇದಕ್ಕೆ ಬೇಕಾದದ್ದು ಒಂದು ಚೇಂಜ್ ಓವರ್ ಸ್ವಿಚ್. ಅದು ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಬಿಡುತ್ತದೆ, ಮರೆಯುವ ಪ್ರಶ್ನೆಯೇ ಇಲ್ಲ. ಜನರೇಟರ್ ಕೊಳ್ಳುವ ದುಡ್ಡಿನಲ್ಲಿ ಅದು ಎಷ್ಟರದ್ದು? ದಯವಿಟ್ಟು ಹಾಕಿಸಿ.

ಆ ಅಮ್ಮನ ಮನೆಗೆ ವಾಪಸ್ ಬರುತ್ತೇನೆ. ಗೀಸರ್ ಲೈನ್ ಅವತ್ತೇ ಕಡಿದು ಹಾಕಿದೆ. ಡಿಬಿಗೆ ಆರ್‌ಸಿಸಿಬಿ ಕೂರಿಸಿದೆ. ಮಳೆ ಬಿಡುವು ಕೊಟ್ಟಾಗ ಬಚ್ಚಲಿನ ಹಿಂದೆಯೇ ಗುಂಡಿ ತೋಡಿದೆವು. ನೀರು ಹರಿಯುವ ಜಾಗ, ಒಳ್ಳೆಯದೇ ಆಯಿತು. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ಇಷ್ಟು ಆಳ ಯಾಕೆ, ಬಾವಿ ತೋಡ್ತಿಯಾ?" ಎಂದು ಕೇಳಿದರು. ಹಸಿರು ವೈರು ಎಲ್ಲಿಗೆ ಹೋಗುತ್ತದೆ, ಟಿಸಿ ಎಲ್ಲಿದೆ, ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡಪಾನ ನೀರು ಹೊಯ್ಯಬೇಕು, ಮರೆಯಬೇಡಿ ಎಂದು ಎರಡು ಸಲ ಹೇಳಿ ಬಂದೆ.

ಈ ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಅರ್ತ್ ಅಳೆದು ನೋಡೋಣ ಎಂದು ಇಳಿದೆ. ಸುತ್ತ ಹಿತ್ತಿಲು ಒಣಗಿ ಕೆಂಪಾಗಿತ್ತು. ಕಟ್ಟೆಯ ಹತ್ತಿರ ಮಾತ್ರ ಹಸಿ ಮಣ್ಣು. ಪಕ್ಕದಲ್ಲಿ ಚಿಕ್ಕದೊಂದು ಚಪ್ಪರ, ಚಪ್ಪರದ ತುಂಬ ಬಸಳೆ.

"ವಾರಕ್ಕೊಂದು ಕೊಡಪಾನ ಹೇಳಿದ್ದಿ. ಹೇಗೂ ನೀರು ಹೊಯ್ಯುದು, ವೇಸ್ಟ್ ಯಾಕೆ ಅಂತ ಎರಡು ಕಡ್ಡಿ ನೆಟ್ಟೆ. ಈಗ ದಿನಾ ಹೊಯ್ತೇನೆ" ಎಂದರು ಅಮ್ಮ. ಬುಡ ಕೆದಕುವಾಗ ಹಾರೆ ಹಾಕಬೇಡಿ, ವೈರು ಇದೆ ಎಂದು ಹೇಳಿದೆ. ಅರ್ತ್ ಟೆಸ್ಟರ್ 4 ಓಮ್ ತೋರಿಸಿತು. ಹೊರಡುವಾಗ ಒಂದು ಕಟ್ಟು ಬಸಳೆ ಕೊಟ್ಟರು.